ಯಾರು ಯಾರನ್ನು ಪಳಗಿಸಿದರು?

ನಮ್ಮ ಮನೆಗೆ ಮುಧೋಳ ತಳಿಯ ನಾಯಿಮರಿ ಬಂತು. 2005ರಲ್ಲಿ ಅಂಚೆಚೀಟಿಯ ಮೇಲೆ ಕೂತ ವಂಶ. ನಮ್ಮಲ್ಲಿ ಮಾತ್ರ ಕೂರಲೊಲ್ಲದು. ಕೂರುವುದಾದರೂ ಹೇಗೆ? ನಾನು ‘ಸಿಟ್’ ಅನ್ನುತ್ತೇನೆ, ನನ್ನ ಹೆಂಡತಿ ‘ಕೂತ್ಕೋ’, ಅಮ್ಮ ‘ಕೂತ್ಕೊಳಪ್ಪಾ ರಾಜಾ’. ತರಬೇತಿಗೆ ಬಂದವರು ನಾಯಿಯನ್ನು ಬಿಟ್ಟು ನಮ್ಮನ್ನೇ ಸಾಲಾಗಿ ನಿಲ್ಲಿಸಿದರು. ಎಲ್ಲರೂ ಒಂದೇ ಪದ ಬಳಸಿ; ಕೂತ ಕ್ಷಣವೇ ತಿಂಡಿ ಕೊಡಿ, ತಡವಾದರೆ ಯಾತಕ್ಕೆ ಸಿಕ್ಕಿತೆಂದು ಅದಕ್ಕೆ ತಿಳಿಯದು; ಮೈಮೇಲೆ ಹಾರಿದರೆ ಬೈಯಬೇಡಿ, ಸುಮ್ಮನೆ ಬೆನ್ನು ತಿರುಗಿಸಿ. ಬೈಗುಳವೂ ಅದರ ಲೆಕ್ಕದಲ್ಲಿ ಉಪಚಾರವೇ ಅಂತೆ. (ನಮ್ಮ ಮಾವನವರದೂ ಅದೇ ಲೆಕ್ಕ.)

ಎಲ್ಲರೂ ಪಾಲಿಸಿದೆವು, ಅಮ್ಮ ಒಬ್ಬರನ್ನು ಬಿಟ್ಟು. ವಿಜ್ಞಾನಿ ಪಾವ್ಲೋವ್ ಸದ್ದು ಮಾಡಿ ನಾಯಿಯ ಬಾಯಲ್ಲಿ ಜೊಲ್ಲು ಬರಿಸಿದರಂತೆ. ಇಲ್ಲಿ ರಾಜ ‘ಕುಂಯ್’ ಅಂದರೆ ಅಮ್ಮ ಚಕ್ಕುಲಿ ಡಬ್ಬಿ ತೆಗೆಯುತ್ತಾರೆ. ತಡಮಾಡದೆ, ಆ ಕ್ಷಣವೇ.