ಬೇಸ್‌ಮೆಂಟಿನಲ್ಲಿ ದೈವದ ಕೂಗು

5.1 ಸರೌಂಡ್ ಸೌಂಡ್ ಎಂದರೆ ಎದುರಿಗೆ ಮೂರು ಸ್ಪೀಕರು, ಹಿಂಬದಿಗೆ ಎರಡು, ಮೂಲೆಗೊಂದು ಸಬ್‌ವೂಫರು. ಅಮೆರಿಕದ ಕನ್ನಡ ಕುಟುಂಬಗಳ ಬೇಸ್‌ಮೆಂಟಿನಲ್ಲಿ ಆರೂ ಕಣ್ಣಿಗೆ ಕಾಣುತ್ತವೆ. ಕಿವಿಗೆ ಕೇಳುವುದು ಹೆಚ್ಚಾಗಿ ಎರಡೇ. ಇದು ಬಯಲಾಗುವುದು ಊರಿನಿಂದ ಹಿರಿಯರು ಬಂದಾಗ. ದಕ್ಷಿಣ ಕನ್ನಡದ ಕೊಯಿಲದಿಂದ ಬಂದ ಅಜ್ಜನಿಗೆಂದು ಮಗ ಕಂಪ್ಯೂಟರಿನಲ್ಲಿ 2022ರ ‘ಕಾಂತಾರ’ ಹಾಕುತ್ತಾನೆ. ಕಾಡೆಲ್ಲ ಸುತ್ತಿ ಬರಬೇಕಾದ ದೈವದ ಕೂಗು ಟಿವಿ ಬಿಟ್ಟು ಕದಲುವುದಿಲ್ಲ. ವರ್ಷವೂ ದೈವದ ನೇಮ ನೋಡಿದ ಅಜ್ಜ ತಿರುಗಿ ನೋಡುತ್ತಾರೆ: “ಹಿಂದೆ ಎರಡು ಇಟ್ಟದ್ದು ಎಂತಕ್ಕೆ ಮಾರಾಯ, ಚಂದಕ್ಕಾ?” ಮಗ ಸಾಫ್ಟ್‌ವೇರ್ ಇಂಜಿನಿಯರಾದ ಕಾರಣ ಮೊದಲು ಕಂಪ್ಯೂಟರ್ ರೀಸ್ಟಾರ್ಟ್ ಮಾಡುತ್ತಾನೆ. ಏನೂ ಆಗುವುದಿಲ್ಲ.

ಮೊದಲು ನೋಡಬೇಕಾದ್ದು ಸ್ಪೀಕರುಗಳಿಗೆ ಸದ್ದು ಹಂಚುವ ರಿಸೀವರಿನ ಡಿಸ್ಪ್ಲೇ. ಆರು ಚಾನೆಲ್ ಬರುತ್ತಿವೆ ಎಂದು ಅದು ತೋರಿಸಿದರೆ ದೋಷ ಹೆಚ್ಚಾಗಿ ಸ್ಪೀಕರಿನ ವಯರಿನದ್ದು. ಸತ್ಯನಾರಾಯಣ ಪೂಜೆಗೆ ಜಾಗ ಮಾಡುವಾಗ ಯಾರೋ ಕಿತ್ತಿರುತ್ತಾರೆ. ಎರಡೇ ಎಂದು ತೋರಿಸಿದರೆ ಉಳಿದ ನಾಲ್ಕು ಬಹುಶಃ ದಾರಿಯಲ್ಲೇ ಕಳೆದುಹೋಗಿವೆ. ಈ ಹಂತದಲ್ಲಿ ‘ಆಲ್ ಚಾನೆಲ್ ಸ್ಟೀರಿಯೊ’ ಒತ್ತಿ, ಎಲ್ಲದರಲ್ಲೂ ಸದ್ದು ಬಂತೆಂದು ಕೈತೊಳೆದುಕೊಳ್ಳುವವರಿದ್ದಾರೆ. ಹಿಂದೆ ಕೇಳುವುದು ಎದುರಿನ ಸದ್ದೇ. ಅಜ್ಜ ಮೋಸಹೋಗುವುದಿಲ್ಲ.

ಬಹುಪಾಲು ಮನೆಗಳಲ್ಲಿ ಅಪರಾಧಿ ಜೋಡಣೆಯ ಕ್ರಮ. ಕಂಪ್ಯೂಟರಿನಿಂದ ಎಚ್‌ಡಿಎಂಐ ಟಿವಿಗೆ, ಟಿವಿಯಿಂದ ಆಪ್ಟಿಕಲ್ ಕೇಬಲ್ ರಿಸೀವರಿಗೆ. ಟಿವಿ ತನಗಿರುವುದು ಎರಡೇ ಸ್ಪೀಕರೆಂದು ಕಂಪ್ಯೂಟರಿಗೆ ತಿಳಿಸುತ್ತದೆ, ಕಂಪ್ಯೂಟರು ನಂಬಿ ಎರಡನ್ನೇ ಕಳಿಸುತ್ತದೆ. ಆಪ್ಟಿಕಲ್ ಕೇಬಲ್ಲೋ, ಅಡಿಕೆ ಮರದ ಕಾಲುಸಂಕ: ಬಿಡಿಯಾಗಿ ಎರಡು ಚಾನೆಲ್ ದಾಟಬಹುದು, ಆರೂ ದಾಟಬೇಕಿದ್ದರೆ ಡಾಲ್ಬಿ ಡಿಜಿಟಲ್ ಅಥವಾ ಡಿಟಿಎಸ್ ಆಗಿ ಮುದುಡಿ ಗಂಟು ಕಟ್ಟಿರಬೇಕು. ಕಂಪ್ಯೂಟರಿನ ಎಚ್‌ಡಿಎಂಐಯನ್ನು ನೇರ ರಿಸೀವರಿಗೆ ಕೊಟ್ಟು, ಅಲ್ಲಿಂದ ಟಿವಿಗೆ ಎಳೆದರೆ ಅರ್ಧ ಜಗಳ ಮುಗಿಯುತ್ತದೆ. ಅದೇ ತಂತಿಯಲ್ಲಿ ಎಂಟು ಚಾನೆಲ್ ಬಿಡಿಬಿಡಿಯಾಗಿ ಹೋಗುತ್ತವೆ.

ಉಳಿದರ್ಧ ವಿಂಡೋಸಿನದು. ಸೌಂಡ್ ಕಂಟ್ರೋಲ್ ಪ್ಯಾನಲಿನ ‘ಪ್ಲೇಬ್ಯಾಕ್’ನಲ್ಲಿ ರಿಸೀವರನ್ನು ಆರಿಸಿ, ‘ಕಾನ್ಫಿಗರ್’ ಒತ್ತಿ, 5.1 ಎಂದು ಹೇಳಿ, ‘ಟೆಸ್ಟ್’ ಕೊಡಬೇಕು. ಒಂದೊಂದೇ ಸ್ಪೀಕರು ಸರದಿಯಂತೆ ಸದ್ದು ಮಾಡುತ್ತದೆ. ಸೋಫಾದ ನಡುವೆ ಅಜ್ಜನನ್ನು ಕೂರಿಸುವುದು ಕ್ಷೇಮ; ಚೆಂಡೆ ಎಡದ್ದೋ ಬಲದ್ದೋ ಎಂದು ನಿದ್ದೆಗಣ್ಣಲ್ಲೇ ಹೇಳಬಲ್ಲ ಕಿವಿ ಅದು. “ಎಡದ್ದು ಬಲದಲ್ಲಿ ಕೇಳ್ತದೆ” ಎಂದರೆ ವಯರು ಅದಲುಬದಲು. ಮಳೆ, ಹಾಡು ಎಲ್ಲ ಬಂದು ಮಾತು ಮಾತ್ರ ಬಾರದಿದ್ದರೆ ನಡುವಿನ ಸ್ಪೀಕರು ಸತ್ತಿದೆ. ಸಿನಿಮಾದ ಸಂಭಾಷಣೆ ಇರುವುದು ಹೆಚ್ಚಾಗಿ ಅದರಲ್ಲೇ. ಸಿನಿಮಾ ನೋಡಲು ‘ಕೋಡಿ’ ಎಂಬ ಪ್ಲೇಯರ್ ಬಳಸುವವರು ಅದರ ಆಡಿಯೊ ಸೆಟ್ಟಿಂಗಿನಲ್ಲೂ ಚಾನೆಲ್ ಸಂಖ್ಯೆ ಬದಲಿಸಬೇಕು, ಅದು 2.0ದಲ್ಲೇ ನಿಂತಿದ್ದರೆ ವಿಂಡೋಸ್ ಎಷ್ಟು ಒಪ್ಪಿದರೂ ಫಲವಿಲ್ಲ.

ಇಷ್ಟಾಗಿಯೂ ಹಿಂದಿನವು ಮೌನವಾಗಿದ್ದರೆ ಮೂಲವನ್ನೇ ಶಂಕಿಸಬೇಕು. ಬ್ರೌಸರಿನಲ್ಲಿ ನೋಡುವ ಸಿನಿಮಾಕ್ಕೆ ಅನೇಕ ಬಾರಿ ಎರಡೇ ಚಾನೆಲ್. ಬಯಲಾಟದ ಹಳೆಯ ರೆಕಾರ್ಡಿಂಗಿನಲ್ಲಿ ಭಾಗವತರು, ಮದ್ದಳೆ, ಪಕ್ಕದ ಕಡಲೆಕಾಯಿಯವ ಎಲ್ಲರೂ ಒಂದೇ ಮೈಕಿನಲ್ಲಿ. ಅದನ್ನು ಆರಾಗಿ ಬಿಡಿಸುವ ಸೆಟ್ಟಿಂಗ್ ಹುಡುಕುತ್ತ ರಾತ್ರಿ ಕಳೆಯುವುದು ವ್ಯರ್ಥ.

ಎಲ್ಲ ಸರಿಯಾದ ಮೇಲೆ, ಹಳೆಯ ಸೆಟ್ಟನ್ನು ಅಜ್ಜನ ಜೊತೆ ಊರಿಗೆ ಕಳಿಸುವ ಉಮೇದು ಬರುತ್ತದೆ. ಅಮೆರಿಕದ ರಿಸೀವರು ಸಾಮಾನ್ಯವಾಗಿ 120 ವೋಲ್ಟಿನದು, ಕೊಯಿಲದ ಪ್ಲಗ್ಗಿನಲ್ಲಿರುವುದು 230. ನೇರ ಚುಚ್ಚಿದರೆ ಹೊಗೆಯೊಂದೇ ಸುತ್ತಲೂ ಬರುತ್ತದೆ. ಅದಕ್ಕೆ ಬೇಕಾದ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರು ಸಣ್ಣ ಭಾರದ್ದಲ್ಲ, ವಿಮಾನದಲ್ಲಿ ಪೆಟ್ಟಿಗೆಗೆ ಸಾಮಾನ್ಯವಾಗಿ 23 ಕಿಲೋ ಮಿತಿ ಬೇರೆ. ಕರೆಂಟು ಬೇಡದ ಐದು ಸ್ಪೀಕರನ್ನು ಸೀರೆಯಲ್ಲಿ ಸುತ್ತಿ ಕಳಿಸಿ, ರಿಸೀವರನ್ನೂ ಸಬ್‌ವೂಫರನ್ನೂ ಮಂಗಳೂರಿನಲ್ಲಿ ಕೊಳ್ಳುವುದು ಲೇಸು.