ಸಾವಕಾಶ ಕಾಕಾ

ಊರು ಅಂದಮೇಲೆ ಅಲ್ಲೊಬ್ಬ ಸಾವಕಾಶ ಕಾಕಾ ಇರಲೇಬೇಕು. ತಿಜೋರಿ ಇಳಿಸುವಾಗ, ಗಣಪತಿ ಏರಿಸುವಾಗ, ಬೋರ್‌ವೆಲ್ಲಿನ ಮೋಟರು ಎತ್ತುವಾಗ ಕೈ ಹಚ್ಚುವವರು ನಾಲ್ವರು. ಐದನೆಯವನು ಎದುರು ನಿಂತು ಬರೀ ಅಂಗೈ ಆಡಿಸುತ್ತಾನೆ. "ಸಾವಕಾಶ... ಸಾವಕಾಶ... ನನ್ನ ಕಡೆ ಬರ್ಲಿ... ಹಾಂ, ಅಷ್ಟ." ಭಾರವೆಲ್ಲ ನಾಲ್ವರದು. ಕೆಲಸ ಮುಗಿದಾಗ ಟವಲಿನಿಂದ ಮುಖ ಒರೆಸಿಕೊಳ್ಳುವವನು ಮಾತ್ರ ಐದನೆಯವನು, ಮೊದಲ ಚಹಾ ಸಿಗುವುದೂ ಅವನಿಗೇ.

ಸಾಲಹಳ್ಳಿಯಲ್ಲಿ ನಮ್ಮ ಪಾಲಿಗೆ ಬಂದವನು ಇಡೀ ಓಣಿಗೆ ಕಾಕಾ. ನನಗೆ ರಕ್ತಸಂಬಂಧವಿಲ್ಲ. ಇದ್ದಿದ್ದರೆ ಹೊಲದ ನೆಪ ಹಿಡಿದು ಜಗಳಾಡಿ ಮಾತು ಬಿಡಬಹುದಿತ್ತು. ಬಿಳಿ ಟೋಪಿ, ಹೆಗಲ ಮೇಲೆ ಟವಲು, ಕಿಸೆಯಲ್ಲಿ ಅಡಕೊತ್ತು. ಹಾಲು ಹಾಕುವವನಿಗೆ ಹಾಲು ಸುರಿಯುವುದನ್ನು ಕಲಿಸುತ್ತಾನೆ. ಬಸ್ಸು ರಿವರ್ಸ್ ಬರುತ್ತಿದ್ದರೆ ಕಂಡಕ್ಟರ್ ಸೀಟಿ ಊದುವ ಮೊದಲೇ ಇವನ ಅಂಗೈ ಎದ್ದಿರುತ್ತದೆ.

ಇಂಥವನ ವಿದ್ಯೆಗೆ ಮಿಠಾಯಿ ಲೋಕದಲ್ಲಿ ಬಹುಕಾಲ ಕೆಲಸವೇ ಇರಲಿಲ್ಲ. ನಮ್ಮ ಸೀಮೆಯ ಸಿಹಿಗಳು ಹುಟ್ಟಿದ್ದೇ ಪ್ರಯಾಣಕ್ಕೆ. ಗೋಕಾಕದ ಕರದಂಟಿನ ಡಬ್ಬಿ ಬಸ್ಸಿನ ಟಾಪಿನಿಂದ ಬಿದ್ದರೆ ಬಸ್‌ ಸ್ಟ್ಯಾಂಡಿನ ಫರಸಿ ಒಡೆದೀತೇ ಹೊರತು ಕರದಂಟು ಒಡೆಯುವುದಿಲ್ಲ. ಬೆಳಗಾವಿ ಕುಂದಾ ಡಬ್ಬಿಯಲ್ಲಿ ಹೇಗೆ ಹೊರಳಾಡಿದರೂ ಕುಂದಾ. ಧಾರವಾಡ ಪೇಡೆ ಚಪ್ಪಟೆಯಾದರೆ ಇನ್ನೊಂದು ಹೆಚ್ಚು ತಿನ್ನಲು ನೆಪ. ಪಲ್ಲಕ್ಕಿಯಲ್ಲಿ ಕೂರಿಸಿ ತಾ ಎಂದದ್ದು ಅಂತಸ್ತಿನ ಕೇಕು ಒಂದೇ.

ನನ್ನ ತಂಗಿಯ ಮಗಳ ಒಂದು ವರ್ಷದ ಬರ್ತ್‌ಡೇ. ಕೇಕು ಬೆಳಗಾವಿಯಿಂದಲೇ ಬರಬೇಕು, ಮೂರು ಅಂತಸ್ತಿನದೇ ಆಗಬೇಕು ಎಂದು ತಂಗಿಯ ಹಟ. ತಂಗಿಯ ಗಂಡನ ಕಾರು, ಓಡಿಸಲು ಅವನ ತಮ್ಮ, ಲೆಕ್ಕಕ್ಕೆ ನಾನು. ಹೊರಡುವಾಗ ಕಾಕಾ ಹೇಳದೆ ಕೇಳದೆ ಹಿಂದೆ ಹತ್ತಿ ಕೂತಿದ್ದ.

ಬೇಕರಿಯ ಹುಡುಗ ಒಳ್ಳೆಯವನು. "ಸರ್, ಮೂರೂ ಬ್ಯಾರೆ ಬ್ಯಾರೆ ಬಾಕ್ಸಿನ್ಯಾಗ ಒಯ್ರಿ. ಮನ್ಯಾಗ ಒಂದರ ಮ್ಯಾಲೊಂದು ಇಡ್ರಿ" ಎಂದ. ಮನೆಯಲ್ಲಿ ಇಡುವವನು ಯಾರು? ಕಾಕಾನ ಮುಖ ನೋಡಿದೆ. ಅದರಲ್ಲಿ ಆಸೆ ಕಂಡಿತು. ಆ ಸಂತೋಷ ಅವನಿಗೆ ಸಿಗಬಾರದೆಂಬ ಒಂದೇ ಕಾರಣಕ್ಕೆ "ಜೋಡಿಸಿಯೇ ಕೊಡಪ್ಪ" ಎಂದೆ. ಮೂವತ್ತು ವರ್ಷ ಪಾಠ ಹೇಳಿದವನ ಬುದ್ಧಿ ಇದು. ಹುಡುಗ ಮನಸ್ಸಿಲ್ಲದೆ ಕೆಳಗಿನ ಕೇಕಿಗೆ ನಾಲ್ಕು ಜ್ಯೂಸ್ ಸ್ಟ್ರಾ ಚುಚ್ಚಿ, ಮೇಲಿನೆರಡನ್ನು ಅವುಗಳ ರಟ್ಟಿನ ಸಮೇತ ಏರಿಸಿ ಕೊಟ್ಟ.

ನಾನು ಸೀಟಿನ ಮೇಲಿಡಲು ಹೋದೆ. "ಮಾಸ್ತರ್ರ, ಸೀಟು ಹಿಂದಕ್ಕ ಇಳಿಜಾರು ಇರ್ತೈತಿ. ನಿಮಗ ಬೆನ್ನೈತಿ, ಆತುಕೊಂಡು ಕುಂದರ್ತೀರಿ. ಅದಕ್ಕೆಲ್ಲಿ ಬೆನ್ನು?" ಹಿಂದಿನ ಸೀಟಿನ ಒಂದು ಭಾಗ ಮಡಚಿಸಿ, ಡಿಕ್ಕಿಯ ಸಪಾಟು ನೆಲದ ಮೇಲೆ ತನ್ನ ಟವಲನ್ನು ಒದ್ದೆ ಮಾಡಿ ಹಾಸಿದ. ಅದರ ಮೇಲೆ ಹಲಗೆ, ಹಲಗೆಯ ಮೇಲೆ ಕೇಕು. ಒದ್ದೆ ಬಟ್ಟೆಯ ಮೇಲಿಟ್ಟದ್ದು ಜಾರುವುದಿಲ್ಲವಂತೆ. ಕಿಟಕಿಯ ಬಿಸಿಲಿಗೆ ನನ್ನ ಛತ್ರಿ ಅಡ್ಡ ಹಿಡಿದ. ಏಸಿಯ ಗಾಳಿ ನಮಗೆ ಬೇಡ, ಅದಕ್ಕೆ ತಿರುಗಲಿ ಎಂದ. ಆಮೇಲೆ ಶುರುವಾಯಿತು ಜಪ.

"ಸಾವಕಾಶ ತಮ್ಮಾ, ಹಂಪ್ ಐತಿ." ಹಂಪಿರಲಿಲ್ಲ, ನೆರಳಿತ್ತು. "ಸಾವಕಾಶ, ಎಮ್ಮಿ." ಎಮ್ಮೆ ಹೊಲದಲ್ಲಿತ್ತು. ನೇಸರಗಿ ದಾಟುವುದರೊಳಗೆ ನಮ್ಮನ್ನು ಎರಡು ಸೈಕಲ್ಲು ಹಿಂದೆ ಹಾಕಿದವು. ಬಾಯಿ ಮುಚ್ಚಿಸಲೆಂದು ನನ್ನ ಓದನ್ನು ಬಿಚ್ಚಿದೆ. 1947ರ ನವೆಂಬರ್ 20ರಂದು ಇಂಗ್ಲೆಂಡಿನಲ್ಲಿ ರಾಜಕುಮಾರಿ ಎಲಿಜಬೆತ್ ಮದುವೆಯಾಯಿತು, ಕೇಕು 9 ಅಡಿ ಎತ್ತರ, ನಾಲ್ಕು ಅಂತಸ್ತು, 500 ಪೌಂಡು ತೂಕ, ಅಂದರೆ ಎರಡು ಕ್ವಿಂಟಲಿಗೂ ಮೇಲೆ ಎಂದೆ.

ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದ. "ಒಳಗ ಏನಿತ್ರಿ?"

ಒಣಹಣ್ಣು ತುಂಬಿದ ಗಟ್ಟಿ ಕೇಕು, ಮೇಲೆ ಒಣಗಿ ಕಲ್ಲಾಗುವ ಸಕ್ಕರೆ ಗಾರೆ ಎಂದೆ.

"ಹಂಗ ಅನ್ರಿ. ಅದು ಕಲ್ಲಿನ ಕಟ್ಟಡ. ನಮ್ಮದು ಬುರುಗು. ಆಕಿ ಓಣ್ಯಾಗ ಹಂಪೂ ಇರ್ಲಿಕ್ಕಿಲ್ಲ ಬಿಡ್ರಿ."

ಯರಗಟ್ಟಿ ದಾಟಿದ ಮೇಲೆ ನಿಜವಾದ ಹಂಪು ಬಂತು. ಆಗ ಮಾತ್ರ ಕಾಕಾ ಅಡಿಕೆ ಬಾಯಿಗೆ ಹಾಕಿಕೊಳ್ಳುತ್ತಿದ್ದ. ಕಾರು ಎಗರಿತು. ಹಿಂದೆ ಪಚ್ ಎಂದು ಸಣ್ಣ ಸದ್ದು.

ಮೇಲಿನೆರಡು ಅಂತಸ್ತು ಒಂದು ಕಡೆ ಕೂತು, ಜಾತ್ರೆ ಮುಗಿಸಿ ಬಂದವನ ಟೋಪಿಯ ಹಾಗೆ ವಾಲಿದ್ದವು. ಸ್ಟ್ರಾ ಬಾಗಿದ್ದವು. ನಾನು ತಂಗಿಯ ಮುಖ ನೆನೆದು ರಸ್ತೆ ಬದಿ ಕೂತೆ. ಕಾಕಾ ಬೈಯಲಿಲ್ಲ. ಅದು ಇನ್ನೂ ಕಷ್ಟವಾಯಿತು.

ಎರಡು ಟ್ರೇಲರ್ ಕಬ್ಬು ಹೇರಿಕೊಂಡು, ಎದೆ ನಡುಗುವಂಥ ಹಾಡು ಹಚ್ಚಿಕೊಂಡು ಫ್ಯಾಕ್ಟರಿಗೆ ಹೊರಟ ಟ್ರ್ಯಾಕ್ಟರಿಗೆ ಕಾಕಾ ಅಂಗೈ ಎತ್ತಿದ. ಅದು ನಿಂತಿತು. ಒಂದು ಕಬ್ಬು ಹಿರಿದ. ಸಿಪ್ಪೆ ಕೆತ್ತಿ, ಸೀಳಿ, ಬೆರಳು ದಪ್ಪದ ಕೋಲು ಮಾಡಿದ. ಮೇಲಿನೆರಡನ್ನು ರಟ್ಟಿನ ಸಮೇತ ಎತ್ತಿ ನನ್ನ ಕೈಗಿಟ್ಟ. ಅಂದರೆ ಇಷ್ಟು ವರ್ಷದಲ್ಲಿ ಮೊದಲ ಸಲ ಭಾರ ನನ್ನದು, ಅಂಗೈಯೂ ಅವನದು, ಕೆಲಸವೂ ಅವನದು. ಬಾಗಿದ ಸ್ಟ್ರಾಗಳನ್ನು ಕಿತ್ತ. ಕೆಳಗಿನ ಕೇಕಿನಲ್ಲಿ ಒಂದು ಕೋಲು ತಳ ಮುಟ್ಟುವವರೆಗೆ ಇಳಿಸಿ, ಕ್ರೀಮಿನ ಮಟ್ಟಕ್ಕೆ ಉಗುರಿನಿಂದ ಗೆರೆ ಎಳೆದು, ಹೊರಗೆ ತೆಗೆದು, ಅದರ ಅಳತೆಗೇ ನಾಲ್ಕನ್ನೂ ಅಡಕೊತ್ತಿನಲ್ಲಿ ಕತ್ತರಿಸಿದ. "ನಾಕೂ ಒಂದ ಎತ್ತರ ಇರ್ಬೇಕ್ರಿ. ಮ್ಯಾಲಿನ ಭಾರ ಕೋಲಿನ ಮ್ಯಾಲೆ ಕುಂದರ್ಬೇಕು, ಕೇಕಿನ ಮ್ಯಾಲೆ ಅಲ್ಲ. ತೇರು ನಿಲ್ಲೂದು ಬಟ್ಟಿ ಮ್ಯಾಲೇನ್ರಿ? ಒಳಗಿನ ಗಳಾ ಬಿಗಿ ಇದ್ರ ತೇರು."

ತೇರಿನ ಮಾತು ಅವನ ಬಾಯಲ್ಲಿ ಸುಮ್ಮನೆ ಬಂದದ್ದಲ್ಲ. ಹರೆಯದಲ್ಲಿ ಅವನು ತೇರಿನ ಗಾಲಿ ಪಕ್ಕ ನಡೆಯುತ್ತಿದ್ದವನು. ಓಡುವ ಗಾಲಿಯಡಿ ಕಟ್ಟಿಗೆಯ ತುಂಡು ಕೊಟ್ಟು, ತೇರನ್ನು ಬೇಕಾದ ಕಡೆ ತಿರುಗಿಸಿ, ಬೇಕಾದಲ್ಲಿ ನಿಲ್ಲಿಸುವ ಕೆಲಸ. ಒಂದು ಕ್ಷಣ ತಪ್ಪಿದರೆ ಕಾಲು ಹೋಗುತ್ತದೆ. "ಸಾವಕಾಶ" ಎಂಬ ಶಬ್ದಕ್ಕೆ ಅಲ್ಲಿ ಸಾವಿರ ಜನ ಹಗ್ಗ ಸಡಿಲಿಸುತ್ತಿದ್ದರಂತೆ. ಈಗ ಗಾಲಿ ಬಳಿ ಹುಡುಗರು ನಿಲ್ಲುತ್ತಾರೆ. ಕಾಕಾನನ್ನು ಗೌರವದಿಂದ ಹಗ್ಗದ ಆಚೆ ಕುರ್ಚಿ ಹಾಕಿ ಕೂರಿಸಿದ್ದಾರೆ. ಅಲ್ಲಿಂದ ಕೂಗಿದರೆ ಡೊಳ್ಳಿನ ಸದ್ದಿನಲ್ಲಿ ಯಾರಿಗೆ ಕೇಳಬೇಕು? ಹಾಗಾಗಿ ಉಳಿದ ಮುನ್ನೂರ ಅರವತ್ನಾಲ್ಕು ದಿನ ನಾವು ಕೇಳಿಸಿಕೊಳ್ಳುತ್ತೇವೆ.

ಟ್ರ್ಯಾಕ್ಟರಿನವನು ಹಾಡು ಸಣ್ಣ ಮಾಡಿ ನೋಡುತ್ತ ನಿಂತಿದ್ದ. ಮೇಲಿನೆರಡನ್ನು ಕೂರಿಸುವಾಗ ನನಗೇ ಗೊತ್ತಿಲ್ಲದೆ ನನ್ನ ಬಾಯಿಂದ "ಸಾವಕಾಶ ಕಾಕಾ" ಎಂದು ಬಂತು. ಕಾಕಾ ತಲೆ ಎತ್ತಿ ನೋಡಿದ, ಏನೂ ಅನ್ನಲಿಲ್ಲ.

ಸಾಲಹಳ್ಳಿ ಮುಟ್ಟಿದಾಗ ಕೇಕು ನೆಟ್ಟಗಿತ್ತು. ಪಚ್ ಅಂದ ಮಗ್ಗುಲನ್ನು ಗೋಡೆಗೆ ತಿರುಗಿಸಿ ಇಟ್ಟೆವು. ಕೂಸು ಕೇಕಿಗಿಂತ ಮೇಣಬತ್ತಿಯನ್ನು ನೋಡಿ ಅತ್ತಿತು, ತಂಗಿ ಫೋಟೋ ತೆಗೆಸಿಕೊಂಡಳು, ನನ್ನ ಆಯ್ಕೆಯನ್ನು ಎಲ್ಲರೂ ಹೊಗಳಿದರು. ನಾನೂ ಬೇಡ ಅನ್ನಲಿಲ್ಲ. ಆ ಗದ್ದಲದಲ್ಲಿ "ಕಾಕಾ, ನಿಮ್ಮ ಬರ್ತ್‌ಡೇ ಯಾವಾಗ?" ಎಂದು ಯಾರೋ ಹುಡುಗ ಕೇಳಿದ. "ಜೂನ್ ಒಂದು" ಎಂದ ಕಾಕಾ. ಅವನ ವಾರಿಗೆಯವರೆಲ್ಲ ಶಾಲೆಯ ರಜಿಸ್ಟರಿನಲ್ಲಿ ಜೂನ್ ಒಂದಕ್ಕೇ ಹುಟ್ಟಿದವರು. ಹೆಸರು ಹಚ್ಚಿದ ಮಾಸ್ತರನ ಲೇಖನಿಯೇ ಅವರ ಸೂಲಗಿತ್ತಿ. ನಿಜವಾದ ದಿನ ಗೊತ್ತಿದ್ದ ಅವ್ವ ತೀರಿ ಎಷ್ಟೋ ವರ್ಷವಾಗಿದೆ. ಊರಿನ ಕೇಕುಗಳಿಗೆಲ್ಲ ಅಂಗೈ ಆಡಿಸುವ ಈ ಮನುಷ್ಯ ಒಂದನ್ನೂ ಕೊಯ್ದವನಲ್ಲ.

ಕೆಳಗಿನ ಅಂತಸ್ತು ಕೊಯ್ಯುವ ಮೊದಲು ಎಲ್ಲರನ್ನೂ ಸರಿಸಿ, ತಾನೇ ಕೈ ಹಾಕಿ ಕಬ್ಬಿನ ಕೋಲು ತೆಗೆದ. "ಒಂದು... ಎರಡು... ಮೂರು... ನಾಕು. ನಾಕೂ ಬಂದುವು. ಈಗ ಹಂಚ್ರಿ." ಮಕ್ಕಳ ಬಾಯಿಗೆ ಕೋಲು ಸಿಗಬಾರದೆಂದು ಲೆಕ್ಕ. ಶುಗರ್ ಇದೆ ಎಂದು ತನ್ನ ಪಾಲಿನ ತುಂಡನ್ನು ಮುಟ್ಟಲಿಲ್ಲ.

ಕತ್ತಲಾದ ಮೇಲೆ ಹೊರಗೆ ಬಂದರೆ ಕಟ್ಟೆಯ ಮೇಲೆ ಕೂತಿದ್ದಾನೆ. ಒಂದು ಕೈಯಲ್ಲಿ ಕ್ರೀಮು ಮೆತ್ತಿದ ಮೂರು ಕೋಲು, ನಾಲ್ಕನೆಯದು ಬಾಯಲ್ಲಿ.

"ಕಾಕಾ, ಶುಗರ್ ಅಂದ್ರಿ?"

ಹಿಪ್ಪೆ ಉಗುಳಿ, ಟವಲಿಗೆ ಕೈ ಒರೆಸಿಕೊಂಡು, "ಸಾವಕಾಶ ತಿನ್ನಾಕತ್ತೇನಲ್ರೀ ಮಾಸ್ತರ್ರ" ಎಂದ.