ಎ.ಸಿ.ಪಿ. ಪ್ರದ್ಯುಮ್ನ ಸಾಹೇಬರಿಗೆ ಕೋಲಾರ ಜಿಲ್ಲೆಯಿಂದ

ಮಾನ್ಯ ಎ.ಸಿ.ಪಿ. ಪ್ರದ್ಯುಮ್ನ ಸಾಹೇಬರೇ,

ಮೊದಲಿಗೆ, ನೀವು ಸತ್ತು ವಾಪಸ್ ಬಂದದ್ದಕ್ಕೆ ಅಭಿನಂದನೆ. 2025ರ ಏಪ್ರಿಲ್‌ನಲ್ಲಿ ಬಾಂಬ್ ಸಿಡಿದು ನೀವು ತೀರಿಕೊಂಡಿರೆಂದು ನಿಮ್ಮ ಧಾರಾವಾಹಿಯ ವಾಹಿನಿಯವರೇ ಫೋಟೋ ಹಾಕಿ ಶ್ರದ್ಧಾಂಜಲಿ ಸಲ್ಲಿಸಿದ್ದರು. ಕೆಲವೇ ವಾರಗಳಲ್ಲಿ ನೀವು ಅದೇ ಗತ್ತಿನಲ್ಲಿ ಹಾಜರ್! ನಮ್ಮ ಕಡೆ ದಾಖಲೆಯಲ್ಲಿ ಒಮ್ಮೆ ಸತ್ತವನೆಂದು ಬಿದ್ದುಹೋದರೆ ಮುಗಿಯಿತು. ಬದುಕಿದ್ದೇನೆಂದು ಸಾಬೀತು ಮಾಡುವಷ್ಟರಲ್ಲಿ ಅರ್ಜಿದಾರನಿಗೆ ನಿಜವಾಗಿಯೂ ಸಾಯುವ ವಯಸ್ಸಾಗಿರುತ್ತದೆ.

ನಿಮ್ಮ ಪರಿಚಯ ನನಗೆ ತಡವಾಗಿ ಆಯಿತು. 1998ರಲ್ಲಿ ಸೋನಿಯಲ್ಲಿ ನಿಮ್ಮ ‘ಸಿ.ಐ.ಡಿ.’ ಧಾರಾವಾಹಿ ಶುರುವಾದಾಗ ನಮ್ಮೂರಿಗೆ ಕೇಬಲ್ ಬಂದಿರಲಿಲ್ಲ. ಆಗ ನಾವು ಚಂದನದಲ್ಲಿ ‘ಮಾಯಾಮೃಗ’ ನೋಡುತ್ತಿದ್ದೆವು. ಆಮೇಲೆ ‘ಮುಕ್ತ’ದಲ್ಲಿ ನಿರ್ದೇಶಕ ಟಿ.ಎನ್. ಸೀತಾರಾಂ ಅವರೇ ಸಿ.ಎಸ್.ಪಿ. ಎಂಬ ವಕೀಲರಾಗಿ ಕರಿಕೋಟು ತೊಟ್ಟು ಬಂದರು. ಅವರ ಗೌರಿಬಿದನೂರು ಆಗಿನ್ನೂ ನಮ್ಮ ಜಿಲ್ಲೆಯಲ್ಲೇ ಇತ್ತು, ಹಾಗಾಗಿ ಅವರು ನಮ್ಮವರು. ಒಬ್ಬ ಸಾಕ್ಷಿಯ ಪಾಟೀಸವಾಲು ಮುಗಿಯಲು ವಾರಗಳೇ ಹಿಡಿಯುತ್ತಿದ್ದವು. ಜಮೀನು ವ್ಯಾಜ್ಯಕ್ಕೆ ಅಲೆದು ಚಪ್ಪಲಿ ಸವೆಸಿದ ನಮಗೆ ಅದೇ ಮಿಂಚಿನ ವೇಗ. ಈಗ ಮಗಳು ಫೋನಿನಲ್ಲಿ ನಿಮ್ಮ ಹೊಸ ಕಂತುಗಳನ್ನು ತೋರಿಸಿದಳು. ಹೆಣ ಸಿಕ್ಕ ಒಂದು ಗಂಟೆಯೊಳಗೆ ನೀವು ಕೊಲೆಗಾರನನ್ನು ಹಿಡಿದು, ಕಪಾಳಕ್ಕೆ ಬಾರಿಸಿ, ಗಲ್ಲುಶಿಕ್ಷೆಯನ್ನೂ ನೀವೇ ಘೋಷಿಸಿದ್ದು ನೋಡಿ ದಂಗಾಗಿಹೋದೆ. ಪಾಪ, ಸಿ.ಎಸ್.ಪಿ.ಗೆ ಒಂದು ವಕಾಲತ್ತಾದರೂ ಬಿಡಬೇಡವೇ?

ನಿಮ್ಮಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು ಬೆರಳು. ಕಾಣದ ಬಲ್ಬೊಂದನ್ನು ಹೋಲ್ಡರಿಗೆ ತಿರುಗಿಸುವವರಂತೆ ಗಾಳಿಯಲ್ಲಿ ಕೈ ತಿರುಗಿಸುತ್ತಾ, ಏನೋ ಎಡವಟ್ಟಾಗಿದೆ ದಯಾ, ಅನ್ನುತ್ತೀರಿ. ಹೆಣ ಬಿದ್ದಿದೆ, ಪಕ್ಕದಲ್ಲಿ ಚಾಕು ಇದೆ. ಎಡವಟ್ಟಾಗಿದೆಯೆಂದು ನಮಗೂ ತಿಳಿಯುತ್ತದೆ. ಆದರೆ ಸರ್ಕಾರಿ ಸಂಬಳ ತೆಗೆದುಕೊಳ್ಳುವವರೊಬ್ಬರು ಅದನ್ನು ಬಾಯಿಬಿಟ್ಟು ಹೇಳುವುದು ನಮಗೆ ಹೊಸದು. ಇಲ್ಲಿ ಕೆರೆಗೆ ಕೆರೆಯೇ ಕಾಣೆಯಾದರೂ ಪರಿಶೀಲಿಸುತ್ತೇವೆ ಅನ್ನುತ್ತಾರೆ.

ನಿಮ್ಮ ಇನ್ಸ್‌ಪೆಕ್ಟರ್ ದಯಾ ಬಹಳ ಹಿಡಿಸಿದರು. ಪಾತ್ರ ಮಾಡುವ ದಯಾನಂದ ಶೆಟ್ಟರು ಉಡುಪಿ ಕಡೆಯವರಂತೆ, ಸಂತೋಷ. ಅವರು ಕಾಲೆತ್ತಿದರೆ ಯಾವ ಬಾಗಿಲೂ ಉಳಿಯುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ಅವರಿಗೆ ಕೆಲಸ ಸಿಗುವುದು ಮಾತ್ರ ಕಷ್ಟ. ಇಲ್ಲಿ ಅಪರಾಧಗಳೆಲ್ಲ ಬಟಾಬಯಲಿನಲ್ಲಿ ನಡೆಯುತ್ತವೆ, ಒದೆಯಲು ಬಾಗಿಲೇ ಇಲ್ಲ. ನಿಮ್ಮ ತಂಡದ ಅಭಿಜಿತ್ ಕಂಡವರನ್ನೆಲ್ಲ ಅನುಮಾನಿಸುತ್ತಾರೆ. ಅವರನ್ನು ಚುನಾವಣೆ ಹೊತ್ತಿಗೆ ಕಳಿಸಿಕೊಡಿ.

2004ರಲ್ಲಿ ನಿಮ್ಮವರು 111 ನಿಮಿಷದ ಕಂತೊಂದನ್ನು ಎಲ್ಲೂ ಕಟ್ ಮಾಡದೆ ಒಂದೇ ಶಾಟ್‌ನಲ್ಲಿ ತೆಗೆದು ಗಿನ್ನೆಸ್ ದಾಖಲೆ ಮಾಡಿದರಂತೆ. ಆ ಗಿನ್ನೆಸ್‌ನವರನ್ನು ಒಂದು ರಾತ್ರಿ ಮಾಲೂರು ರಸ್ತೆಯಲ್ಲಿ ನಿಲ್ಲಿಸಿ ಸಾರ್. ಕೆರೆಯಂಗಳದ ಮಣ್ಣು ಬಗೆದು, ಗುಂಡಿಗೆ ಸುರಿದು, ನೀರು ಹಾಯಿಸಿ ತೊಳೆದರೆ ತಳದಲ್ಲಿ ಉಳಿಯುವುದೇ ಫಿಲ್ಟರ್ ಮರಳು. ತೊಳೆಯುವ ನೀರು ಎಲ್ಲಿಯದು ಅಂತೀರಾ? ಪಕ್ಕದ ಹಳ್ಳಿ ಕುಡಿಯಲು ಸಾವಿರ ಅಡಿಗೂ ಕೆಳಗೆ ಹುಡುಕುತ್ತಿರುವ ನೀರೇ. ಆ ಮರಳು ತುಂಬಿದ ಟಿಪ್ಪರ್ ನಡುರಾತ್ರಿ ಹೊರಟು, ಬೆಳಗಾಗುವಷ್ಟರಲ್ಲಿ ಬೆಂಗಳೂರಿನ ಯಾವುದೋ ಅಪಾರ್ಟ್‌ಮೆಂಟಿನ ಗೋಡೆಯಾಗಲು ಸಿದ್ಧವಾಗಿ ನಿಲ್ಲುತ್ತದೆ. ನಡುವೆ ಕಟ್ ಇಲ್ಲ, ರೀಟೇಕ್ ಇಲ್ಲ. ದಾರಿಯುದ್ದಕ್ಕೂ ಪೋಷಕ ಪಾತ್ರದವರು ತಂತಮ್ಮ ಜಾಗದಲ್ಲಿ ನಿಂತು, ಸರಿಯಾದ ಹೊತ್ತಿಗೆ ಸರಿಯಾಗಿ ಬೇರೆ ಕಡೆ ನೋಡುತ್ತಾರೆ. ಇಂಥ ತಾಲೀಮು ನಿಮ್ಮವರಿಂದ ಆಗದು.

ನಿಮ್ಮ ಪ್ರಯೋಗಾಲಯದ ಡಾಕ್ಟರ್ ಸಾಳುಂಕೆಯವರಿಗೂ ಒಂದು ಕೆಲಸವಿದೆ. ಅವರು ಗಾಜಿನ ನಳಿಕೆಗೆ ಏನೋ ಸುರಿದು, ಬಣ್ಣ ತಿರುಗಿದ ಕೂಡಲೇ ವಿಷದ ಹೆಸರು ಹೇಳಿಬಿಡುತ್ತಾರೆ. 2018ರ ಜೂನ್‌ನಲ್ಲಿ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೋಲಾರದ ಲಕ್ಷ್ಮೀಸಾಗರ ಕೆರೆಗೆ ಬಿಟ್ಟರು. ಮುಂದಿನ ತಿಂಗಳೇ ನೊರೆ ಎದ್ದಿತು. ಕೋರ್ಟು ತಡೆಯಿತು, ಮತ್ತೆ ಬಿಡಿಸಿತು. ಎರಡು ಹಂತ ಸಂಸ್ಕರಿಸಿದರೆ ಸಾಕೆಂದು ಸರ್ಕಾರ, ಮೂರನೆಯದೂ ಬೇಕೆಂದು ಹೋರಾಟಗಾರರು. ವಾದ ಇನ್ನೂ ನಿಂತಿಲ್ಲ. ನೀರು ಬಂದದ್ದಕ್ಕೆ ಖುಷಿಪಡಬೇಕೋ, ಎಲ್ಲಿಂದ ಬಂತೆಂದು ಹೆದರಬೇಕೋ ತಿಳಿಯದೆ ಕೆರೆ ಏರಿಯ ಮೇಲೆ ನಿಂತವರಿಗೆ ಡಾಕ್ಟರು ಒಂದು ನಳಿಕೆ ಅಲ್ಲಾಡಿಸಿ ಹೇಳಿದರೆ ಉಪಕಾರವಾದೀತು.

ಇನ್ನು ನಿಮಗೆ ಒಪ್ಪುವಂಥ ಕೇಸು. 2023ರ ಜುಲೈ. ಕೋಲಾರ ಎ.ಪಿ.ಎಂ.ಸಿ.ಯಲ್ಲಿ 15 ಕಿಲೋ ಟೊಮ್ಯಾಟೊ ಬಾಕ್ಸಿನ ಬೆಲೆ ಎರಡು ಸಾವಿರ ರೂಪಾಯಿ ದಾಟಿತ್ತು. ಆಗ ನೋಡಬೇಕಿತ್ತು ನೀವು, ಟೊಮ್ಯಾಟೊ ಇಟ್ಟವನ ಠೀವಿ! ಹಿರಿಯೂರಿನಿಂದ ಕೋಲಾರಕ್ಕೆ ಬರುತ್ತಿದ್ದ ಟೊಮ್ಯಾಟೊ ಗಾಡಿಯನ್ನು ಬೆಂಗಳೂರಿನಲ್ಲಿ ಅಡ್ಡಗಟ್ಟಿ ಅಪಹರಿಸಿದರು. ಹಾಸನದ ಕಡೆ ರಾತ್ರೋರಾತ್ರಿ ಹೊಲವನ್ನೇ ಬಿಡಿಸಿಕೊಂಡು ಹೋದರು. ಕೋಲಾರದಿಂದ ಜೈಪುರಕ್ಕೆ ಹೊರಟ ಸುಮಾರು 21 ಲಕ್ಷ ರೂಪಾಯಿಯ ಟೊಮ್ಯಾಟೊ ಲಾರಿ ನಡುದಾರಿಯಲ್ಲೇ ನಾಪತ್ತೆ. ಚಾಲಕನೇ ಗುಜರಾತಿನಲ್ಲಿ ಮಾರಿಕೊಂಡನೆಂದು ಆಮೇಲೆ ಸುದ್ದಿ ಬಂತು. ಎಫ್‌ಐಆರ್, ತಂಡ, ಶೋಧ, ಟಿ.ವಿ.ಯವರ ಹಿನ್ನೆಲೆ ಸಂಗೀತ, ಎಲ್ಲವೂ ಆಯಿತು.

ನನ್ನ ದೂರು ಆ ಲಾರಿಯದ್ದಲ್ಲ. ಅದೇ ಬಾಕ್ಸು ಐವತ್ತು ರೂಪಾಯಿಗೆ ಇಳಿದು, ಬಿಡಿಸಿದ ಕೂಲಿಯೂ ಹುಟ್ಟದೆ, ರೈತ ಬೆಳೆಯನ್ನು ರಸ್ತೆಬದಿಗೆ ಸುರಿಯುವ ವರ್ಷಗಳಿವೆಯಲ್ಲ, ಆಗ ಯಾವ ಠಾಣೆಯೂ ಕೇಸು ದಾಖಲಿಸುವುದಿಲ್ಲ. ಒಬ್ಬ ಚಾಲಕ ಒಂದು ಲಾರಿ ಕದ್ದರೆ ಕಳ್ಳತನ. ಇಡೀ ತಾಲ್ಲೂಕಿನ ಬೆವರು ಒಂದೇ ವಾರದಲ್ಲಿ ಮಾಯವಾದರೆ ಮಾರುಕಟ್ಟೆ ಏರಿಳಿತ. ಹೆಣ ಮಹಜರು ಮಾಡಲು ರಸ್ತೆಬದಿಗೆ ಬನ್ನಿ ಸಾರ್, ಕೆಂಪಗೆ ಹರಡಿಕೊಂಡಿರುತ್ತದೆ. ದೂರದಿಂದ ನೋಡಿದರೆ ನಿಮ್ಮ ಸೀರಿಯಲ್ಲಿನ ರಕ್ತಕ್ಕಿಂತ ನೈಜವಾಗಿ ಕಾಣುತ್ತದೆ.

ಮಾವಿನದು ಇನ್ನೊಂದು ಕಥೆ. 2025ರ ಜೂನ್ 7ರಂದು ಆಂಧ್ರದ ಚಿತ್ತೂರು ಜಿಲ್ಲಾಧಿಕಾರಿ ಹೊರ ರಾಜ್ಯದ ತೋತಾಪುರಿಗೆ ನಿಷೇಧ ಹಾಕಿದರು. ಶ್ರೀನಿವಾಸಪುರದ ತೋಟಗಳ ಹಣ್ಣು ತಲೆತಲಾಂತರದ ನೆಂಟರ ಮನೆಗೆ ಹೋದಂತೆ ಹೋಗುತ್ತಿದ್ದದ್ದೇ ಚಿತ್ತೂರಿನ ತಿರುಳು ಕಾರ್ಖಾನೆಗಳಿಗೆ. ಗಡಿಯಲ್ಲಿ ಪೊಲೀಸ್, ಕಂದಾಯ, ಅರಣ್ಯ ಎಲ್ಲ ಇಲಾಖೆಯವರೂ ಕಾವಲು ನಿಂತರು. ಮರಳಿಗೆ ಸಿಗದ ಭಾಗ್ಯ ಮಾವಿಗೆ ಸಿಕ್ಕಿತು! ಕೊನೆಗೆ ನಮ್ಮ ಮುಖ್ಯಮಂತ್ರಿಗಳು ಅಲ್ಲಿನ ಮುಖ್ಯಮಂತ್ರಿಗಳಿಗೆ ಪತ್ರ ಬರೆಯಬೇಕಾಯಿತು. ಬಂಧಿತ ಆರೋಪಿಯ ಬಣ್ಣ ಹಸಿರು, ಮೂತಿ ಗಿಳಿಯದು, ತಪ್ಪು ಕೋಲಾರ ಜಿಲ್ಲೆಯಲ್ಲಿ ಹುಟ್ಟಿದ್ದು.

ಈಗ ಮುಖ್ಯ ವಿಷಯ. ನಿಮ್ಮ ಕಂತುಗಳನ್ನು ನೋಡಿದ ಮೇಲೆ ನಿಮ್ಮನ್ನು ಕರೆಸಬೇಕೋ ಬೇಡವೋ ಎಂಬ ಅನುಮಾನ ಹತ್ತಿದೆ. ಕೊಲೆಗಾರ ಯಾರೆಂದು ಕೊನೆಯ ಐದು ನಿಮಿಷದವರೆಗೂ ಯಾರಿಗೂ ತಿಳಿಯಬಾರದು, ಅದರ ಮೇಲೇ ನಿಮ್ಮ ಕಥೆ ನಿಂತಿದೆ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಓದಿ ಬೆಳೆದವನಾದ್ದರಿಂದ ಆ ರುಚಿ ನನಗೂ ಗೊತ್ತು. ಆದರೆ ನಮ್ಮಲ್ಲಿ ಆ ಸೌಕರ್ಯವೇ ಇಲ್ಲ. ನೀವು ಮುಳಬಾಗಿಲಿನಲ್ಲಿ ದೋಸೆ ತಿನ್ನಲು ಕೂತು, ಈ ಕೆರೆ ಯಾರು ನುಂಗಿದ್ದು ಅಂತ ಸುಮ್ಮನೆ ಕೇಳಿ ನೋಡಿ. ಕಾವಲಿ ಮುಂದೆ ನಿಂತವನು ಕನ್ನಡದಲ್ಲಿ ಶುರುಮಾಡಿ, ತೆಲುಗಿನಲ್ಲಿ ಬೈದು, ಟಿಪ್ಪರ್ ಯಾರದ್ದು, ಮಾಮೂಲು ಎಷ್ಟು, ಯಾರ ಅಣ್ಣನ ಮಗ ಎಲ್ಲಿ ಲೇಔಟ್ ಮಾಡಿದ, ಅಷ್ಟನ್ನೂ ಚಟ್ನಿ ಬಡಿಸುವಷ್ಟರಲ್ಲಿ ಹೇಳಿ ಮುಗಿಸುತ್ತಾನೆ. ನಿಮ್ಮ ಕಂತು ಜಾಹೀರಾತಿಗೆ ಮೊದಲೇ ಮುಗಿದುಹೋಗುತ್ತದೆ.

ಆಮೇಲೆ ನೀವು ಪೆನ್ನು ತೆಗೆಯುತ್ತೀರಿ. ಅಲ್ಲಿಯವರೆಗೆ ಮಾತಾಡುತ್ತಿದ್ದವನಿಗೆ ತಟ್ಟನೆ ಕಾವಲಿ ಕಾದದ್ದು ನೆನಪಾಗುತ್ತದೆ. ಪಕ್ಕದ ಮೇಜಿನವರು ಕೈ ತೊಳೆಯಲು ಹೋದವರು ಹಿಂದಿರುಗುವುದಿಲ್ಲ. ಇಂಥ ಸಾಕ್ಷಿಯ ಬಾಯಿ ಬಿಡಿಸಲು ನಿಮ್ಮ ಕಪಾಳಮೋಕ್ಷ ನಡೆಯದು, ಬಾಯಿ ಅವನು ಆಗಲೇ ಬಿಟ್ಟಾಗಿದೆ. ಸಹಿ ಮಾಡಿಸುವ ವಿದ್ಯೆ ನಿಮ್ಮ ಬ್ಯೂರೋದಲ್ಲಿ ಯಾರಿಗಾದರೂ ತಿಳಿದಿದ್ದರೆ ಅವರೊಬ್ಬರನ್ನೇ ಕಳಿಸಿ, ಬಸ್ ಚಾರ್ಜು ನಾವೇ ಕೊಡುತ್ತೇವೆ.

ಈ ಪತ್ರವನ್ನೇ ದೂರೆಂದು ಪರಿಗಣಿಸಿ ತಕ್ಷಣ ಕ್ರಮ ಕೈಗೊಳ್ಳಬೇಕಾಗಿ ಪ್ರಾರ್ಥನೆ.

ಇತಿ ತಮ್ಮ ವಿಶ್ವಾಸಿ,
ಹೆಸರು ಬೇಡ ಬಿಡಿ ಸಾರ್